ಸೀಳು ಕಟ್ಟಿಗೆ

ಆ ದಿನ ಬೆಳಿಗ್ಗೆ ಗಾಳೆವ್ವ ಗಂಡನನ್ನು ಹೊಡೆದಿರಲಿಲ್ಲ. ಹೊಡೆಯದೆಯೇ ಹೊಲಕ್ಕೆ ಬಂದೆನಲ್ಲ ಎಂದು ದಾರಿಯುದ್ದಕ್ಕೂ ಮೈ ಹಗುರಾಗಿತ್ತು. ಆದರೆ ಜಾಲಿಯ ಬುಡದಲ್ಲಿ ಕಾಲೂರಿ ಕೊಡಲಿ ಎತ್ತಿದಾಗ ಆ ಹಗುರವೇ ತಿರುಗಿಬಿದ್ದು, ಏನನ್ನೋ ಅರ್ಧಕ್ಕೆ ಬಿಟ್ಟು ಬಂದವಳ ಹಾಗೆ ಅಂಗೈ ಕಡಿಯತೊಡಗಿತು. ಮೊದಲ ಏಟು ಜಾರಿತು. ಎರಡನೆಯದು ತೊಗಟೆ ಹಾರಿಸಿತು, ಅಷ್ಟೆ. ನೆಟ್ಟಗೆ ಹೊಡೆದರೆ ಕೊಡಲಿ ತಿರುಗಿ ನಿನ್ನ ಕಾಲಿಗೇ ಬರುತ್ತದೆ, ಓರೆಯಾಗಿ ಹೊಡೆಯಬೇಕು, ಮೇಲಿನಿಂದೊಂದು ಕೆಳಗಿನಿಂದೊಂದು, ಆಗ ನಡುವಿನ ಮಾಂಸ ತಾನೇ ಬಾಯಿ ಬಿಡುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಟ್ಟಿಗೆ ಕಡಿಯಲು ಹಿಡಿದ ಹೊಸತರಲ್ಲಿ ಮೊಣಕಾಲ ಕೆಳಗೆ ಆದ ಗಾಯ ಹೇಳಿಕೊಟ್ಟಿತ್ತು. ಮಾಂಸ ಎಂಬ ಮಾತು ತನ್ನ ತಲೆಯೊಳಗೆ ಎಲ್ಲಿಂದ ಬಂತು ಎಂದು ಅವಳು ಕೊಡಲಿ ಇಳಿಸಿ ನಿಂತಳು. ಕಟ್ಟಿಗೆಗೆ ಎಲ್ಲಿಯ ಮಾಂಸ. ಕಡಿದ ಕಚ್ಚಿನೊಳಗೆ ಹಳದಿ ತಿರುಳು ಹಸಿಯಾಗಿ ಹೊಳೆಯುತ್ತಿತ್ತು. ಅವಳು ಮತ್ತೆ ಎತ್ತಿದಳು. ಗಂಡ ಹೊಳಿಯಪ್ಪನೂ ಅವಳೂ ಗೋವಾದ ಕಟ್ಟಡಗಳಲ್ಲಿ ಕಲ್ಲು ಹೊತ್ತುಕೊಂಡಿದ್ದ ವರ್ಷಗಳಲ್ಲಿ ಮುಶಿಗೇರಿಯ ಈ ತುಂಡು ಹೊಲವನ್ನು ಯಾರೂ ಹರಗಲಿಲ್ಲ, ಬಿತ್ತಲಿಲ್ಲ. ಸುತ್ತಲಿನ ಎರೆನೆಲವೆಲ್ಲ ಕಡಲೆ ಜೋಳ ಹಿಡಿದು ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಸಾಲುಸಾಲಾಗಿದ್ದರೆ, ತಮ್ಮದೊಂದರಲ್ಲಿ ಮಾತ್ರ ಬಳ್ಳಾರಿ ಜಾಲಿ ತಾನೇ ಹುಟ್ಟಿ, ತನ್ನ ಮುಳ್ಳಿಗೆ ತಾನೇ ಸಿಕ್ಕಿಕೊಂಡು, ಆಳೆತ್ತರ ಮೀರಿ ನಿಂತುಬಿಟ್ಟಿತ್ತು. ಊರಿನವರಿಗೆ ಅದು ಪೀಡೆ. ತಿರುಗಿ ಬಂದ ಗಾಳೆವ್ವನಿಗೆ ಕಂಡ ಬೆಳೆ ಅದೊಂದೇ. ಕೂಲಿಗೆ ಹೋದರೆ ಇಡೀ ದಿನ ಮನೆ ಬಿಟ್ಟಿರಬೇಕು, ಹಾಸಿಗೆ ಹಿಡಿದ ಗಂಡನ ಹೇಲು ಉಚ್ಚೆ ತೆಗೆಯುವವರು ಯಾರು. ಕಟ್ಟಿಗೆಯಾದರೆ ತನಗೆ ಬೇಕಾದಾಗ ಕಡಿಯಬಹುದು. ಹಾಗಂತ ಶುರು ಮಾಡಿದ್ದಳು.

ಹೊಳಿಯಪ್ಪ ಬಿದ್ದದ್ದು ಗೋವಾದ ಮಾಪಸಾದಲ್ಲಿ, ಮೇಲಂತಸ್ತಿನ ಸೆಂಟ್ರಿಂಗಿನ ಹಲಗೆ ಜಾರಿ. ಕೆಳಗೆ ಅವಳು ಉಸುಕು ಸಾಣಿಸುತ್ತಿದ್ದಳು. ಜನ ಎಡಕ್ಕೆ ನಿಂತು ಕೂಗಿದ್ದು ಅವಳಿಗೆ ಮುಟ್ಟಲಿಲ್ಲ, ಯಾಕೆಂದರೆ ಅವಳ ಎಡಗಿವಿ ಕೇಳುತ್ತಿರಲಿಲ್ಲ. ಆ ಕಿವಿಯನ್ನು ಹಿಂದೊಂದು ಪಗಾರದ ದಿನ, ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಹೊಳಿಯಪ್ಪನೇ ದೀಪ ಆರಿಸಿದ ಹಾಗೆ ಒಂದೇ ಏಟಿಗೆ ಆರಿಸಿದ್ದ. ಬಲಗಿವಿಗೆ ಧಪ್ಪೆಂದದ್ದು ಕೇಳಿಸಿತು. ಸಿಮೆಂಟಿನ ಚೀಲ ಬಿತ್ತು ಎಂದುಕೊಂಡು ಅವಳು ಮತ್ತೂ ಸ್ವಲ್ಪ ಹೊತ್ತು ಉಸುಕು ಸಾಣಿಸಿದಳು. ಆಮೇಲೆ ಓಡಿಹೋಗಿ ನೋಡಿದಾಗ, ಅವನು ಕಣ್ಣು ಬಿಟ್ಟುಕೊಂಡು ಬಿದ್ದದ್ದನ್ನು ಕಂಡಾಗ, ಬಾಯಿಂದ ಅಳು ಹೊರಬರುವ ಮೊದಲು ಎದೆಯೊಳಗೆ ಹಾದುಹೋದದ್ದು ಏನು ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇನ್ನ ಹೊಡಿಯಾಂಗಿಲ್ಲ ಇವ, ಅಂದುಕೊಂಡಿದ್ದಳು. ಅದು ಸುಳ್ಳಾಯಿತು. ಸೊಂಟದ ಕೆಳಗೆ ಸತ್ತಿತ್ತು, ಕೈ ಬದುಕಿದ್ದವು. ಊರಿಗೆ ತಂದು ಹಗ್ಗದ ಹೊರಸಿನ ಮೇಲೆ ಹಾಕಿದ ಮೇಲೆ ಅವನ ಕೈಗೆ ಸಿಕ್ಕದ್ದೆಲ್ಲ, ತಂಬಿಗೆ, ಗಂಗಾಳ, ಬೀಡಿಯ ಡಬ್ಬಿ, ಎಲ್ಲವೂ ಅವಳತ್ತ ಹಾರಿಬರುತ್ತಿದ್ದವು. ಒಂದು ಸಂಜೆ ತಂಬಿಗೆ ಬಂದು ಹುಬ್ಬಿಗೆ ಬಡಿಯಿತು. ಅವಳು ಆಗಷ್ಟೇ ಹೊರೆ ಇಳಿಸಿ ಒಲೆಗೆಂದು ಒಂದು ಕೋಲು ಎಳೆದಿದ್ದಳು. ಕೈಯಲ್ಲಿದ್ದುದರಿಂದಲೇ ಬೀಸಿದಳು. ಏಟು ಅವನ ಮೊಣಕಾಲಿಗೆ ಬಿತ್ತು. ಹೊಳಿಯಪ್ಪ ಕಾಲನ್ನು ನೋಡಿದ, ಯಾರದೋ ಕಾಲು ನೋಡಿದ ಹಾಗೆ. ಆಮೇಲೆ ನಕ್ಕ. "ಅದಕ್ಕ ತಿಳ್ಯಾಂಗಿಲ್ಲ ಹುಚ್ಚಿ," ಅಂದ. ಆ ನಗು ಇಲ್ಲದೆ ಹೋಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅವಳು ಹೊರಸಿನ ತಲೆಯ ಕಡೆಗೆ ಬಂದಳು, ಕೋಲನ್ನು ಸರಿಯಾಗಿ ಹಿಡಿದುಕೊಂಡಳು, ತಿಳಿಯುವ ಜಾಗ ಹುಡುಕಿ ತೋಳಿಗೆ ಹೊಡೆದಳು. ಅವನು ನಗುವುದನ್ನು ನಿಲ್ಲಿಸಿದ. ಆ ನಿಂತ ನಗುವಿನಲ್ಲಿ ಅವಳಿಗೆ ಎಂಥ ಸುಖವಾಯಿತೆಂದರೆ, ಹೊರಗೆ ಬಂದು ಹಿತ್ತಲ ಕಲ್ಲಿನ ಮೇಲೆ ಕೂತು ಅವಳು ವಾಂತಿ ಮಾಡಿಕೊಂಡಳು. ಅಂದಿನಿಂದ ಅದು ಶುರುವಾದದ್ದು. ದಿನವೂ ಅಲ್ಲ. ಆದರೆ ಯಾವ ದಿನ ಇಲ್ಲವೋ ಆ ದಿನ ಕೈ ಅದನ್ನು ಕೇಳುತ್ತಿತ್ತು.

ಹೊಲದಲ್ಲಿ ಜಾಲಿಯ ಗಿಡ ಮುರಿದು ಬಿತ್ತು. ಅವಳು ಮುಳ್ಳು ಸವರಿ, ಕೊಂಬೆ ತುಂಡರಿಸಿ, ಹಿಂದೆ ಕಡಿದು ಒಣಗಲು ಬಿಟ್ಟಿದ್ದ ಗುಪ್ಪೆಯ ಹತ್ತಿರ ಹೋಗಿ ಹೊರೆ ಕಟ್ಟಲು ಕೂತಳು. ಇದುವರೆಗೆ ಊರೊಳಗೇ ನಾಲ್ಕು ಮನೆಗೆ ಕೊಟ್ಟು ಜೋಳವೋ ಮಜ್ಜಿಗೆಯೋ ತಂದುಕೊಂಡಿದ್ದಳು. ಇವತ್ತು ಮೊದಲ ಸಲ ರೋಣದ ಪೇಟೆಗೆ ಒಯ್ಯುವವಳಿದ್ದಳು. ಒಣಗಿದ ದಪ್ಪ ತುಂಡುಗಳು ನೋಡಿದರೆ ಒಂದು ಹೊರೆಗೆ ಸಾಲುವಂತಿರಲಿಲ್ಲ. ಅವಳು ಆ ಕಡೆ ಈ ಕಡೆ ನೋಡಿದಳು. ಹೊಲದಲ್ಲಿ ಯಾರೂ ಇರಲಿಲ್ಲ, ಆದರೂ ನೋಡಿದಳು. ಕಿರುಬೆರಳಿನ ಗಾತ್ರದ ಪುಳ್ಳಿ, ಗಂಟು, ಬೇರಿನ ತುಣುಕು, ಎಲ್ಲ ಕೂಡಿಸಿ ನಡುವಿಗಿಟ್ಟು, ಸುತ್ತಲೂ ದಪ್ಪ ತುಂಡುಗಳನ್ನು ಗೋಡೆಯ ಹಾಗೆ ನಿಲ್ಲಿಸಿ, ಹಗ್ಗ ಬಿಗಿದಳು. ನೋಡಲು ಹೊರೆ ಹೊಳೆಯುವ ಹಾಗಿತ್ತು. ಇದು ಮೋಸವೇ ಎಂದು ಕೇಳಿಕೊಂಡಳು. ಒಳಗಿನದೂ ಕಟ್ಟಿಗೆಯೇ, ಅದೂ ಉರಿಯುತ್ತದೆ ಎಂದು ತಾನೇ ಹೇಳಿಕೊಂಡಳು. ಮನೆಯಲ್ಲಿ ಅವನ ಕೈಗೆಟಕುವಂತೆ ನೀರು, ರೊಟ್ಟಿ ಇಟ್ಟು ಬಂದಿದ್ದಳು. ಹೊರಡುವಾಗ ಅವನು ಕೇಳಿದ್ದ, "ಎಲ್ಲಿಗೆ?" ಎಂದು. ಅವಳು ಹೇಳಿರಲಿಲ್ಲ. ಗೋವಾದಲ್ಲಿ ಅವನು ಹೀಗೆಯೇ, ಎಲ್ಲಿಗೆಂದು ಹೇಳದೆ, ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ. ಆ ಚಪ್ಪಲಿಯ ಸದ್ದು ತಿರುಗಿ ಬರುವುದನ್ನೇ ಕಾಯುತ್ತ, ಬರುವ ಸದ್ದಿನ ಬಿರುಸಿನಲ್ಲೇ ಇವತ್ತು ಬೀಳುತ್ತದೋ ಇಲ್ಲವೋ ಎಂದು ತೂಗುತ್ತ ಅವಳು ತಗಡಿನ ಶೆಡ್ಡಿನಲ್ಲಿ ಕೂತಿರುತ್ತಿದ್ದಳು. ಈಗ ಅವನು ಹೊರಸಿನ ಮೇಲೆ ತನ್ನ ಹೆಜ್ಜೆ ಕಾಯುತ್ತ ಕೂತಿರಬಹುದು ಎಂಬ ಯೋಚನೆ ಬಂತು. ಅದನ್ನು ಅವಳು ಬೇಗ ತಲೆಯಿಂದ ತೆಗೆದುಹಾಕಲಿಲ್ಲ.

ಟಂಟಂ ಗಾಡಿಯ ತಲೆಯ ಮೇಲೆ ಹೊರೆ ಹಾಕಿಕೊಂಡು ರೋಣಕ್ಕೆ ಬಂದಿಳಿದಾಗ ಬಿಸಿಲು ಏರಿತ್ತು. ಬಸ್‌ಸ್ಟ್ಯಾಂಡಿನ ಎದುರು ಗದುಗಿನ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಕಟ್ಟಿಗೆ ಮಾರುವವರು ಓಣಿಯಲ್ಲಿ ಕೂಗುತ್ತ ಹೋಗಬೇಕು ಎಂಬುದು ಗೊತ್ತಿತ್ತು. ಕೂಗು ಗಂಟಲಿನಿಂದ ಹೊರಡಲಿಲ್ಲ. ಒಂದು ಓಣಿ ಪೂರ್ತಿ ಸುಮ್ಮನೇ ನಡೆದಳು. ಎರಡನೆಯ ಓಣಿಯಲ್ಲಿ "ಕಟ್ಟಿಗೀ" ಅಂದದ್ದು ತನ್ನ ಬಲಗಿವಿಗೇ ಯಾರೋ ನೀರಿನೊಳಗೆ ಅಂದ ಹಾಗೆ ಕೇಳಿಸಿತು. ಒಬ್ಬಾಕೆ ಬಾಗಿಲಿಗೆ ಬಂದು, "ನಮ್ಮಲ್ಲಿ ಗ್ಯಾಸ್ ಬಂದೈತಿ," ಎಂದು, ಗ್ಯಾಸು ಬಂದದ್ದನ್ನು ಹೇಳಲಿಕ್ಕೇ ಬಂದವಳ ಹಾಗೆ ಹೇಳಿ ಒಳಗೆ ಹೋದಳು. ಇನ್ನೊಬ್ಬಾಕೆ ಹಳೆ ಸೀರೆ ತಂದು ತೋರಿಸಿದಳು, ಅದರ ಸೆರಗು ಸುಟ್ಟಿತ್ತು. "ಹೊರಿ ಪೂರಾ ಇಳಸು, ಇದನ್ನ ಒಯ್ಯಿ. ಒಳ್ಳೇ ಸೀರಿ." ಗಾಳೆವ್ವ ತಲೆಯಲ್ಲಾಡಿಸಿದಳು, ತಲೆಯ ಮೇಲಿನ ಹೊರೆಯೂ ಅಲ್ಲಾಡಿತು. "ಸೊಕ್ಕು ನೋಡ," ಅಂದಳು ಆಕೆ, ಎಡಗಡೆಯಿಂದ. ಗಾಳೆವ್ವನಿಗೆ ಕೇಳಿಸಲಿಲ್ಲ, ಆದರೆ ಬಾಯಿ ಆ ಮಾತಿಗೆ ಹೇಗೆ ಆಕಾರ ತಾಳುತ್ತದೆ ಎಂಬುದು ಅವಳಿಗೆ ರೂಢಿಯಾಗಿತ್ತು. ಕುತ್ತಿಗೆಯ ನರ ಸಿಡಿಯುತ್ತಿತ್ತು. ಕಡೆಗೆ ಸಂತೆಯ ಬದಿಯ ಒಂದು ಖಾನಾವಳಿಯ ಮುಂದೆ ನಿಂತಳು. ಒಳಗಿನಿಂದ ಜುಣಕದ, ಕಾದೆಣ್ಣೆಯ ವಾಸನೆ ಬರುತ್ತಿತ್ತು. ಗಲ್ಲೆಯ ಮೇಲೆ ಕೂತಿದ್ದ ಯಜಮಾನ ಹೊರೆಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ.

"ಯಾವೂರು?"

"ಮುಶಿಗೇರಿರಿ."

"ಯಾರ ಪೈಕಿ?"

ಅವಳು ಹೇಳಿದಳು. ಅವನು ಗಲ್ಲೆಯ ಮೇಲಿನ ಕೈಯನ್ನು ಸುಮ್ಮನೆ ಹಿಂದಕ್ಕೆ ಎಳೆದುಕೊಂಡ. "ಹಿತ್ತಲ ಕಡಿಂದ ಬಾ. ಇಲ್ಲಿ ಜನಾ ಉಣ್ತಾರ."

ಹಿತ್ತಲಲ್ಲಿ ಮುಸುರೆಯ ಕೆಸರು. ಅಲ್ಲಿ ಹೊರೆ ಇಳಿಸಿದಾಗ ಭೂಮಿಯೇ ಮೇಲಕ್ಕೆ ಬಂದ ಹಾಗಾಯಿತು. ಯಜಮಾನ ಹಿಂಬಾಗಿಲಿಗೆ ಬಂದು ನಿಂತು ಏನೋ ಅಂದ. ಅವನು ಅವಳ ಎಡಕ್ಕಿದ್ದ, ಕೇಳಿಸಲಿಲ್ಲ. ಅವನು ಮತ್ತೆ ಅಂದ. ಅವಳು ಹೌದ್ರಿ ಅಂದಳು, ಯಾವುದಕ್ಕೆ ಅಂದಳೋ. "ಕಿವುಡಿ ಅದಾಳೋ ಏನ್ ನಾಟಕಾ ಮಾಡ್ತಾಳೋ," ಎಂದು ಅವನು ಅಡುಗೆಯವನತ್ತ ತಿರುಗಿ, "ಹಗ್ಗಾ ಕೊಯ್ಯಿ, ಒಳಗ ಏನೈತಿ ನೋಡೂಣು," ಅಂದ. ಈ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಬಿಚ್ತೇನ್ರಿ ಎಂದು ಅವಳು ಬಾಗುವಷ್ಟರಲ್ಲಿ ಅಡುಗೆಯವನ ಚೂರಿ ಹಗ್ಗದ ಮೇಲೆ ಬಿದ್ದಿತ್ತು. ಹೊರೆ ಬಾಯಿ ಬಿಟ್ಟಿತು. ಗೋಡೆಯ ಹಾಗೆ ನಿಂತಿದ್ದ ದಪ್ಪ ತುಂಡುಗಳು ಸುತ್ತಲೂ ಹರಡಿಕೊಂಡು, ನಡುವೆ ಪುಳ್ಳಿಯ, ಬೇರಿನ, ಗಂಟಿನ ರಾಶಿ ಬಿಸಿಲಿಗೆ ಬಂತು. ಅದರೊಳಗಿನ ಒಂದು ಹಲ್ಲಿ ಓಡಿಹೋಯಿತು.

ಯಜಮಾನ ರಾಶಿಯತ್ತ ಬಗ್ಗಿ ನೋಡಿದ. ಆಮೇಲೆ ಒಳಗೆ ತಿರುಗಿ, "ಬರ್ರಿ, ಎಲ್ಲಾರೂ ಬಂದು ನೋಡ್ರಿ, ಮುಶಿಗೇರಿ ಮಾಲು ಬಂದೈತಿ," ಎಂದು ಕರೆದ. ಉಣ್ಣುತ್ತಿದ್ದ ಇಬ್ಬರು ಮೂವರು ಎಂಜಲು ಕೈ ಎತ್ತಿ ಹಿಡಿದುಕೊಂಡೇ ಬಂದು ನಿಂತರು. ಒಬ್ಬ ರೊಟ್ಟಿ ಜಗಿಯುತ್ತಲೇ ಇದ್ದ. ಯಜಮಾನ ಪುಳ್ಳಿಯ ರಾಶಿಯನ್ನು ಒದ್ದ. ಕೋಲೊಂದು ಹಾರಿಬಂದು ಅವಳ ಕಾಲಿನ ಹಳೆಯ ಗಾಯದ ಮೇಲೆಯೇ ಬಿತ್ತು. "ಹೊರಗ ಒಂದು, ಒಳಗ ಒಂದು. ನಿಮ್ಮ ಜಾತೀನ ಹಂಗ. ಆರಸು. ಒಂದೊಂದು ಪುಳ್ಳಿನೂ ಆರಿಸ್ಕೊಂಡು ನಡಿ. ನನ್ನ ಹಿತ್ತಲದಾಗ ಒಂದು ಚಕ್ಕಿ ಉಳೀಬಾರದು." ಅವಳು ಕೆಸರಿನಲ್ಲಿ ಕೂತು ಆರಿಸತೊಡಗಿದಳು. ಮುಳ್ಳು ಬೆರಳಿಗೆ ಹೊಕ್ಕಿತು, ತೆಗೆಯಲಿಲ್ಲ. ಯಜಮಾನನ ಕಾಲು ಅವಳ ಕಣ್ಣಿನ ಎತ್ತರದಲ್ಲಿತ್ತು, ಬಿಳಿ ಧೋತರ, ಅದರ ಮೇಲೆ ಹೊಟ್ಟೆ, ಹೊಟ್ಟೆಯ ಮೇಲೆ ದಪ್ಪ ಕುತ್ತಿಗೆ, ಕುತ್ತಿಗೆಯಲ್ಲಿ ಬೆವರಿನ ಒಂದು ಗೆರೆ. ನೆಟ್ಟಗೆ ಹೊಡೆದರೆ ಜಾರುತ್ತದೆ. ಆ ಗೆರೆಯ ಮೇಲೆ ಓರೆಯಾಗಿ, ಮೇಲಿನಿಂದೊಂದು. ಆಮೇಲೆ ಕೆಳಗಿನಿಂದೊಂದು. ಅವಳು ಕಣ್ಣು ಮುಚ್ಚಲಿಲ್ಲ. ಕುತ್ತಿಗೆ ಬಾಯಿ ಬಿಡುವುದನ್ನು, ಒಳಗಿನ ಹಸಿ ಹಳದಿಯನ್ನು ನೋಡಿದಳು, ರೊಟ್ಟಿ ಜಗಿಯುತ್ತಿದ್ದವನ ಬಾಯಿ ನಿಲ್ಲುವುದನ್ನು ನೋಡಿದಳು. ಕೊಡಲಿ ಹೊಲದಲ್ಲಿತ್ತು. ಹೊಲದಲ್ಲಿರದೆ ಇಲ್ಲೇ, ಈ ಕೆಸರಿನಲ್ಲಿ ಕೈಯ ಹತ್ತಿರವೇ ಬಿದ್ದಿದ್ದರೂ ತಾನು ಎತ್ತುತ್ತಿರಲಿಲ್ಲ ಎಂಬುದು ಮರುಗಳಿಗೆಯೇ ಅವಳಿಗೆ ತಿಳಿಯಿತು. ಈ ಕುತ್ತಿಗೆಗೆ ತನ್ನ ಕೈ ಏಳುವುದಿಲ್ಲ. ಏಳುವುದು ಎಲ್ಲಿ ಎಂಬುದೂ ತಿಳಿಯಿತು. ಅದು ಒದ್ದದ್ದಕ್ಕಿಂತ, ಬೈದದ್ದಕ್ಕಿಂತ ಹೆಚ್ಚಾಗಿ ಅವಳ ಮೋರೆಯನ್ನು ಸುಟ್ಟಿತು. ಆರಿಸಿ ಮುಗಿಸಿ, ಕೊಯ್ದ ಹಗ್ಗಕ್ಕೆ ಗಂಟು ಹಾಕಿ, ಯಾರೂ ಎತ್ತಿಕೊಡದೆ ಹೊರೆಯನ್ನು ತಾನೇ ಮೊಣಕಾಲ ಮೇಲಿಟ್ಟು ಅಲ್ಲಿಂದ ತಲೆಗೆ ಒಗೆದುಕೊಂಡು ಹೊರಬಿದ್ದಳು. ಬೆನ್ನ ಹಿಂದೆ ನಗು ಕೇಳಿಸಿತು. ಅದು ಅವಳನ್ನು ಕುರಿತದ್ದೋ ಅಲ್ಲವೋ ಯಾರಿಗೆ ಗೊತ್ತು. ಜನ ಆಗಲೇ ಉಣ್ಣಲು ತಿರುಗಿದ್ದಿರಬೇಕು.

ಚುರುಮುರಿ ಭಟ್ಟಿಯನ್ನು ಅವಳು ಹುಡುಕಿಕೊಂಡು ಹೋಗಲಿಲ್ಲ, ಹೊಗೆಯನ್ನು ಹಿಡಿದು ಕಾಲು ತಾನೇ ಹೋಯಿತು. ತಗಡಿನ ಚಪ್ಪರದ ಕೆಳಗೆ ದೊಡ್ಡ ಒಲೆ, ಅದರ ಮೇಲೆ ಉಸುಕು ತುಂಬಿದ ಬಾಣಲೆ, ಎದುರಿಗೆ ಜರಡಿ ಹಿಡಿದು ಕೂತ ಹೆಂಗಸು. ಅವಳ ಎರಡೂ ಮುಂಗೈಯಲ್ಲಿ ಸುಟ್ಟ ಕಲೆಗಳು ಹಲ್ಲಿಯ ಮೈಯ ಹಾಗೆ ಹೊಳೆಯುತ್ತಿದ್ದವು. ಬಾನುಬಿ ಎಂದು ಆಚೆಯಿಂದ ಯಾರೋ ಕರೆದದ್ದಕ್ಕೆ ಅವಳು ಓಗೊಟ್ಟಳು. ಗಾಳೆವ್ವ ಈ ಸಲ ಕೂಗಲಿಲ್ಲ. ಹೊರೆ ಇಳಿಸಿ, ಯಾರೂ ಕೇಳುವ ಮೊದಲೇ ಹಗ್ಗ ಬಿಚ್ಚಿ, ಒಳಗಿನದನ್ನೆಲ್ಲ ಕಾಲಿನಿಂದ ಹರವಿ ತೋರಿಸಿದಳು.

"ದಪ್ಪಂದು ಇಷ್ಟ ಐತಿ. ಉಳಿದದ್ದು ಪುಳ್ಳಿ. ಬೇಕಂದ್ರ ತಗೋರಿ, ಒಲ್ಲೆಂದ್ರ ಹೋಗ್ತೀನಿ."

ಬಾನುಬಿ ಅವಳ ಸೀರೆಯ ಕೆಸರನ್ನೂ ಕಾಲಿನ ರಕ್ತವನ್ನೂ ನೋಡಿದಳು. "ಯಾರರೆ ಬಿಚ್ಚಿಸಿದ್ರೇನು?"

ಗಾಳೆವ್ವ ಸೆರಗಿನ ಕೆಸರು ಒರೆಸಿಕೊಂಡಳು.

"ಹೊಸದಾಗಿ ಮಾರವರು ಎಲ್ಲಾರೂ ಹಿಂಗ ಕಟ್ಕೊಂಡು ಬರ್ತಾರ. ಕೂಡು. ನೀರು ಕುಡಿ." ಕೊಡಪಾನ ಇದ್ದ ಕಡೆ ಕೈ ಮಾಡಿದಳು, ತಾನು ಎದ್ದು ಮೇಲಿನಿಂದ ಹೊಯ್ಯಲಿಲ್ಲ. ಗಾಳೆವ್ವ ತಾನೇ ಬಗ್ಗಿಸಿಕೊಂಡು ಕುಡಿದಳು. ಬಾನುಬಿ ಒಂದು ಹಿಡಿ ಪುಳ್ಳಿ ತೆಗೆದು ಒಲೆಗೆ ಒಗೆದಳು, ಅದು ಚಟಪಟನೆ ಹೊತ್ತಿ ಬಾಣಲೆಯ ಅಡಿ ಕೆಂಪಾಯಿತು. "ದಪ್ಪಂದು ನನಗ ಅಷ್ಟ ಉಪಯೋಗಿಲ್ಲ ತಂಗಿ. ಅದು ನಿಧಾನ ಸುಡ್ತೈತಿ. ಚುರುಮುರಿಗೆ ಬೇಕಾಗೋದು ಭರ್ರನ ಬರೂ ಉರಿ. ದಪ್ಪ ತುಂಡು ಸೀಳಿ ಬೆರಳು ಗಾತ್ರ ಮಾಡಿ ತಂದ್ರ ದಿನಾ ತಗೋತೀನಿ. ರೊಕ್ಕಾ ಅಂದ್ರ ರೊಕ್ಕಾ, ಚುರುಮುರಿ ಅಂದ್ರ ಚುರುಮುರಿ, ಜ್ವಾಳಾ ಅಂದ್ರ ಜ್ವಾಳಾ."

"ಕಡಿಯೂದಕ್ಕ ದಿನಾ ಹೋಗ್ತೈತ್ರಿ. ಸೀಳೂದು ಯಾವಾಗ."

"ಮನ್ಯಾಗ ಗಂಡಸು ಇಲ್ಲೇನು?"

"ಅದಾನ್ರಿ. ಹೊರಸಿನ ಮ್ಯಾಲ ಅದಾನ. ನಡಾ ಮುರದೈತಿ."

"ಕೈ?"

ಗಾಳೆವ್ವ ಒಲೆಯ ಕಡೆ ನೋಡಿದಳು. "ಕೈ ಚಲೋ ಅದಾವ್ರಿ," ಅಂದಳು.

ಆ ದಿನದ ಹೊರೆಗೆ ಬದಲಾಗಿ ಬಾನುಬಿ ಚೀಲದ ತುಂಬ ಚುರುಮುರಿಯನ್ನೂ ಕಾಗದದಲ್ಲಿ ಕಟ್ಟಿದ ಬೆಲ್ಲವನ್ನೂ ಕೊಟ್ಟಳು. ಚೀಲಕ್ಕೆ ತೂಕವೇ ಇರಲಿಲ್ಲ. ಕಟ್ಟಿಗೆ ಹೊತ್ತು ಹೊತ್ತು ಒಳಗೆ ಇಳಿದುಹೋಗಿದ್ದ ತಲೆಯ ಮೇಲೆ ಅದು ಇದೆಯೋ ಇಲ್ಲವೋ ಎಂದು ಕೈಯೆತ್ತಿ ಮುಟ್ಟಿ ನೋಡಿಕೊಳ್ಳಬೇಕಿತ್ತು. ಟಂಟಮ್ಮಿನಲ್ಲಿ ಕೂತಾಗ ಅವಳಿಗೆ ಗಂಡನಿಗೆ ಚುರುಮುರಿ ಬಲು ಇಷ್ಟ ಎಂಬುದು ನೆನಪಾಯಿತು. ಮದುವೆಯಾದ ಹೊಸತರಲ್ಲಿ ಗಜೇಂದ್ರಗಡದ ಪ್ಯಾಟಿಯಿಂದ ತಂದು, ಉಳ್ಳಾಗಡ್ಡಿ ಹೆಚ್ಚಿ ಹಾಕಿ, ತಾನೇ ಕಲಸಿ ಅವಳಿಗೊಂದು ಹಿಡಿ ತನಗೊಂದು ಹಿಡಿ ಎಂದು ಆಟವಾಡುತ್ತ ತಿಂದಿದ್ದ. ಅದೇ ಕೈ, ಬೆರಳಿಗೆ ಅಂಟಿದ ಎಣ್ಣೆಯನ್ನು ಅವಳ ಕೆನ್ನೆಗೆ ಒರೆಸಿ ನಕ್ಕಿತ್ತು. ಆಮೇಲೆ ಯಾವಾಗಲೋ ಅದೇ ಕೆನ್ನೆಗೆ. ಎರಡರ ನಡುವೆ ಏನು ನಡೆಯಿತು ಎಂದು ಅವಳು ಎಷ್ಟೋ ಸಲ ಹುಡುಕಿದ್ದಳು, ನಡುವೆ ಏನೂ ಸಿಕ್ಕಿರಲಿಲ್ಲ. ಇವತ್ತು ಹೊಡೆಯಬಾರದು ಎಂದುಕೊಂಡಳು. ಇವತ್ತು ಎರಡು ಹೊತ್ತು ಆಗಲೇ ಹೊಡೆಯದೆ ಕಳೆದಿದೆ. ಅವನಿಗೆ ಕಲಸಿಕೊಟ್ಟು, ಮೈ ಒರೆಸಿ, ಬಾನುಬಿ ಹೇಳಿದ ಮಾತು ಹೇಳಬೇಕು. ಹೀಗೆ ಯೋಚಿಸುವಾಗ ಬೆರಳಿನಲ್ಲಿ ಹೊಕ್ಕಿದ್ದ ಮುಳ್ಳು ಕಟಕಟನೆ ಬಡಿದುಕೊಳ್ಳುತ್ತಿತ್ತು.

ಮನೆಯ ಬಾಗಿಲು ತೆಗೆದಾಗ ವಾಸನೆ ಮೊದಲು ಬಂತು. ಹೊಳಿಯಪ್ಪ ಒದ್ದೆಯಲ್ಲೇ ಬಿದ್ದಿದ್ದ. ನೀರಿನ ಗಡಿಗೆ ಉರುಳಿ ಒಡೆದಿತ್ತು. ಕುಡಿಯಲು ಹೋಗಿ ಕೈ ತಪ್ಪಿತ್ತೋ, ಸಿಟ್ಟಿಗೆ ದೂಡಿದ್ದನೋ. ತುಟಿ ಒಣಗಿ ಬಿಳಿಯಾಗಿದ್ದವು. ಅವಳು ಚೀಲ ಇಳಿಸಿದಳು. ಅವನು ಅವಳ ಕೆಸರಿನ ಸೀರೆಯನ್ನು, ಕೆದರಿದ ತಲೆಯನ್ನು, ಚೀಲವನ್ನು ಒಂದೊಂದಾಗಿ ನೋಡಿದ.

"ಯಾವ ಸಾವುಕಾರ ಕೊಟ್ಟ ಚುರುಮುರಿ? ಹಿತ್ತಲದಾಗ ಮಲಗಿಸಿಕೊಂಡು ಕೊಟ್ಟನೇನು?"

ಹಿತ್ತಲು ಎಂಬ ಮಾತು ಅವನಿಗೆ ಹೇಗೆ ಗೊತ್ತಾಯಿತು ಎಂದು ಅವಳಿಗೆ ಅನಿಸಿತು. ಗೊತ್ತಾಗಿರಲಿಲ್ಲ, ಬಾಯಿಗೆ ಬಂದದ್ದು ಅಂದಿದ್ದ, ಇದೂ ಆಮೇಲೆ ಹೊಳೆದದ್ದು. ಆ ಹೊತ್ತಿಗೆ ಒಲೆಯ ಪಕ್ಕದ ಕೋಲು ಅವಳ ಕೈಯಲ್ಲಿತ್ತು. ಮೊದಲ ಏಟು ಭುಜಕ್ಕೆ. ಅವನು ಕೈ ಅಡ್ಡ ಹಿಡಿದ, ಆ ಕೈಗೆ ಎರಡನೆಯದು. ಹೊರಸು ಕಿರುಗುಟ್ಟಿತು. ಅವನು ಕೋಲನ್ನು ಹಿಡಿಯಲು ನೋಡಿದ, ಸಿಕ್ಕಿತು ಕೂಡ. ಒಂದು ಗಳಿಗೆ ಇಬ್ಬರೂ ಅದರ ಎರಡು ತುದಿ ಹಿಡಿದು ಮುಖಕ್ಕೆ ಮುಖ ಕೊಟ್ಟು ಜಗ್ಗಾಡಿದರು, ಅವನ ಬಾಯಿಯ ಬೀಡಿಯ ವಾಸನೆ ಅವಳ ಮೂಗಿಗೆ ಬಂತು, ಇಷ್ಟು ಹತ್ತಿರ ಅವರು ಬಾರದೆ ವರ್ಷವಾಗಿತ್ತು. ಅವಳಿಗೆ ಕಾಲಿದ್ದವು. ಹಿಂದಕ್ಕೆ ಜಗ್ಗಿದಳು, ಕೋಲು ಬಿಡಿಸಿಕೊಂಡು ಬಂತು. ಆಮೇಲೆ ಅವಳು ನೋಡಿಕೊಂಡು ಹೊಡೆದಳು. ಓರೆಯಾಗಿ, ಮೇಲಿನಿಂದೊಂದು, ಕೆಳಗಿನಿಂದೊಂದು. "ಒಳಗ ಒಂದು, ಹೊರಗ ಒಂದು, ನಿಮ್ಮ ಜಾತೀನ ಹಂಗ," ಎಂದು ಯಾರೋ ಹೇಳುತ್ತಿದ್ದರು, ಗಂಡಸಿನ ಮಾತು, ಅವಳ ಬಾಯಿಂದ. ಹೊಳಿಯಪ್ಪ ಕೂಗಲಿಲ್ಲ. ಒಂದು ಏಟಿಗೂ ಕೂಗಲಿಲ್ಲ. ತಲೆಯನ್ನು ಎರಡು ಕೈಯೊಳಗೆ ಹುದುಗಿಸಿಕೊಂಡು, ಮೇಲಿನ ಅರ್ಧ ಮೈ ಮುದುಡಿಕೊಂಡು, ಕೆಳಗಿನ ಅರ್ಧ ತನಗೆ ಸಂಬಂಧವಿಲ್ಲದಂತೆ ಚಾಚಿಕೊಂಡು ಬಿದ್ದಿದ್ದ. ಆ ಮುದುಡಿದ ಆಕಾರ ಅವಳಿಗೆ ಪರಿಚಿತವಾಗಿತ್ತು. ತಗಡಿನ ಶೆಡ್ಡಿನ ಮೂಲೆಯಲ್ಲಿ ಅದನ್ನು ಅವಳು ಎಂದೂ ಹೊರಗಿನಿಂದ ನೋಡಿರಲಿಲ್ಲ. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿದದ್ದು ಕಂಡು ಕೈ ನಿಂತಿತು. ಅಥವಾ ಬಾಗಿಲಲ್ಲಿ ಬೆಳಕು ತಡೆದದ್ದರಿಂದ ನಿಂತಿತೋ.

ಬಾಗಿಲಲ್ಲಿ ರಮಜಾನಬಿ ನಿಂತಿದ್ದಳು. ಆಚೆ ಮನೆಯ ಮುದುಕಿ, ಕೌದಿ ಹೊಲಿದು ಬದುಕುವವಳು. ಗಾಳೆವ್ವ ಇಲ್ಲದಾಗ ಕೆಲವೊಮ್ಮೆ ಬಂದು ಹೊಳಿಯಪ್ಪನಿಗೆ ನೀರು ಕೊಡುತ್ತಿದ್ದಳು. ಕೈಯಲ್ಲಿ ನೀರಿನ ತಂಬಿಗೆ ಇತ್ತು. ಗಡಿಗೆ ಒಡೆದ ಸದ್ದು ಕೇಳಿಯೇ ಬಂದಿರಬೇಕು, ಬರುವುದಕ್ಕೆ ಅವಳ ಮೊಣಕಾಲು ಹೊತ್ತು ಹಿಡಿದಿರಬೇಕು. ಗಾಳೆವ್ವನ ಕೈಯಲ್ಲಿ ಕೋಲು ಇದ್ದೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ಹೊರಸಿನಿಂದ ಬಿದ್ದೆ ಬಿ," ಅಂದ ಹೊಳಿಯಪ್ಪ, ತಲೆಯಿಂದ ಕೈ ತೆಗೆಯುತ್ತ. ದನಿ ಸಾದಾ ಇತ್ತು. "ನೀರು ತಗೊಳ್ಳಾಕ ಹೋಗಿ ಬಿದ್ದೆ. ಇಕಿ ಈಗ ಬಂದು ಎತ್ತಿ ಹಾಕಿದ್ಳು."

ಗಾಳೆವ್ವನಿಗೆ ತನ್ನ ಕಿವಿ ಹೋದ ಕಾಲ ನೆನಪಾಯಿತು. ಮಾಪಸಾದ ದವಾಖಾನೆಯಲ್ಲಿ ಬಿಳಿ ಕೋಟಿನ ಹೆಂಗಸು ಕಿವಿಗೆ ಬೆಳಕು ಬಿಟ್ಟು ನೋಡುತ್ತ, ಹ್ಯಾಂಗಾಯ್ತು ಎಂದು ಹಿಂದಿಯಲ್ಲಿ ಕೇಳಿದ್ದಳು. ಮೆಟ್ಟಿಲ ಮೇಲೆ ಬಿದ್ದೆ ಎಂದು ಇದೇ ಸಾದಾ ದನಿಯಲ್ಲಿ ಗಾಳೆವ್ವ ಹೇಳಿದ್ದಳು. ಹೊಳಿಯಪ್ಪ ಪಕ್ಕದಲ್ಲೇ ನಿಂತಿದ್ದ, ಅವಳ ಚೀಲ ಹಿಡಿದುಕೊಂಡು. ಆ ಸುಳ್ಳು ಗಂಡನ ಮೇಲಿನ ಪ್ರೀತಿಗೆ ಹೇಳಿದ್ದಲ್ಲ. ಹೊಡೆಸಿಕೊಂಡವಳು ಎನ್ನಿಸಿಕೊಳ್ಳುವುದಕ್ಕಿಂತ ಬಿದ್ದವಳು ಎನ್ನಿಸಿಕೊಳ್ಳುವುದು ಮೇಲು ಎಂದು ಹೇಳಿದ್ದು. ಇವನದೂ ಅಷ್ಟೆ ಎಂಬುದು ಅವಳಿಗೆ ಬೆಳಕಿನಷ್ಟು ಸ್ಪಷ್ಟವಿತ್ತು. ಆದರೂ, ಇಷ್ಟು ವರ್ಷದ ಸಂಸಾರದಲ್ಲಿ ಅವರಿಬ್ಬರಿಗೂ ಒಂದೇ ಮಾತು ಬಂದದ್ದು ಇದೇ ಮೊದಲು ಅನಿಸಿತು.

ರಮಜಾನಬಿ ಒಳಗೆ ಬಂದಳು. ಅವನ ತಲೆ ಎತ್ತಿ ನೀರು ಕುಡಿಸಿದಳು. ಡಬ್ಬಿ ಹುಡುಕಿ ಅರಿಶಿಣ ತೆಗೆದು ಹುಬ್ಬಿಗೆ ಒತ್ತಿದಳು. ಕೋಲಿನ ಕಡೆ ಒಂದು ಸಲವೂ ನೋಡಲಿಲ್ಲ, ನೋಡದೆ ಇದ್ದದ್ದೇ ಗಾಳೆವ್ವನಿಗೆ ನೋಡಿದ ಹಾಗಿತ್ತು. ಹೊರಡುವಾಗ ಹೊಸ್ತಿಲ ಮೇಲೆ ನಿಂತು, "ಈಗ ಅರಿಶಿಣ ಹಚ್ಚೀನಿ ಯವ್ವಾ," ಅಂದಳು. "ದಿನಾ ಬೀಳಾಕತ್ರ ಒಂದಿನ ಕಣ್ಣಿಗೆ ಬಡೀತೈತಿ. ಆಮ್ಯಾಲ ಏನಂತ ಹೇಳವ್ರು."

ಅವಳು ಹೋದ ಮೇಲೆ ಗಾಳೆವ್ವ ಅವನ ಒದ್ದೆ ಬಟ್ಟೆ ತೆಗೆದಳು, ಮೈ ಒರೆಸಿದಳು. ತೋಳಿನ ಮೇಲೆ ಹಳೆಯ ಏಟುಗಳು ಹಸಿರಾಗಿದ್ದವು, ಹೊಸವು ಕೆಂಪಗೆ ಏಳುತ್ತಿದ್ದವು. ಅವನು ಗೋಡೆಯ ಕಡೆ ಮುಖ ಮಾಡಿದ್ದ. "ಯಾಕ ಹೇಳಲಿಲ್ಲ ಆಕೀಗೆ?" ಎಂದು ಕೇಳಿದಳು.

"ಏನಂತ ಹೇಳ್ಲಿ. ಹೇಣ್ತಿ ಬಡೀತಾಳ ಅಂತ ಹೇಳ್ಲೇನು." ಗೋಡೆಯ ಕಡೆಯೇ ನೋಡುತ್ತ ಅಂದ, "ಕಾಲು ಬಂದ ದಿನಾ ನಿನ್ನ ಕೊಲ್ತೀನಿ."

"ಬರಂಗಿಲ್ಲ ಅವು. ಡಾಕ್ಟರ್ ಹೇಳ್ಯಾನ."

"ಗೊತ್ತೈತಿ."

ಅವಳು ಚುರುಮುರಿಗೆ ಉಳ್ಳಾಗಡ್ಡಿ ಹೆಚ್ಚಿ ಕಲಸಿ ಗಂಗಾಳದಲ್ಲಿ ಅವನ ಎದೆಯ ಮೇಲಿಟ್ಟಳು. ಎಸೆಯಬಹುದು ಎಂದು ಕಾಯ್ದಳು. ಅವನು ತಿಂದ. ದವಡೆ ನೋಯುತ್ತಿತ್ತೆಂದು ಕಾಣುತ್ತದೆ, ಒಂದೇ ಬದಿಗೆ ಜಗಿಯುತ್ತಿದ್ದ. ಅವಳು ರೋಣದಲ್ಲಿ ಆದದ್ದನ್ನು ಹೇಳಿದಳು, ಭಟ್ಟಿಯದನ್ನು ಮಾತ್ರ. ಖಾನಾವಳಿಯದನ್ನು ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದಳು. ಸೀಳಿದ ಕಟ್ಟಿಗೆ ಬೇಕಂತ, ದಿನಾ ತಗೋತಾರಂತ ಎಂದಳು. ಹಿತ್ತಲಿಗೆ ಹೋಗಿ ಅವಳು ಮನೆಯ ಒಲೆಗೆಂದು ಹಿಂದೆಯೇ ಒಟ್ಟಿದ್ದ ದಪ್ಪ ತುಂಡುಗಳನ್ನು ತಂದು ಹೊರಸಿನ ಪಕ್ಕ ಹಾಕಿದಳು, ಹೊಡೆಯಲು ಆಸರೆಯಾಗಿ ಒಂದು ಕೊರಡನ್ನು ನೂಕಿಕೊಂಡು ಬಂದಳು, ಗೋಡೆಗೆ ದಿಂಬು ಕೊಟ್ಟು ಅವನನ್ನು ಒರಗಿಸಿ ಕೂಡಿಸಿದಳು. ಆಮೇಲೆ ಜಂತಿಗೆ ಸಿಕ್ಕಿಸಿದ್ದ ಕೊಯ್ತಾ ತೆಗೆದಳು. ಕಬ್ಬು ಕಡಿಯುವ ಅಗಲ ಬಾಯಿಯ ಕೊಯ್ತಾ, ಮುಳ್ಳು ಸವರಲೆಂದು ವಾರದ ಕೆಳಗೆ ಸಾಣೆ ಹಿಡಿಸಿದ್ದಳು. ಅವಳ ಕೈ ಚಾಚಿಕೊಂಡೇ ಇತ್ತು, ಅವನು ಕೂಡಲೇ ತೆಗೆದುಕೊಳ್ಳಲಿಲ್ಲ. ಕೊಯ್ತಾ ನೋಡಿದ, ಅವಳನ್ನು ನೋಡಿದ.

"ಇದನ್ನ ನನ್ನ ಕೈಗೆ ಕೊಡ್ತೀ?"

"ಮತ್ಯಾರ ಕೈಗೆ ಕೊಡ್ಲಿ."

ಅವನು ತೆಗೆದುಕೊಂಡ. ತೂಗಿ ನೋಡಿದ. ಅವಳು ತಿರುಗಿ ಒಲೆಯ ಮುಂದೆ ಕೂತಳು, ಹೊರಸಿಗೆ ಬೆನ್ನು ಮಾಡಿ. ಆ ಸಣ್ಣ ಮನೆಯಲ್ಲಿ ಒಲೆಗೂ ಹೊರಸಿಗೂ ನಡುವೆ 'ತೋಳು ಚಾಚಿದರೆ ಸಾಕು' ಎನ್ನುವಷ್ಟೇ ಜಾಗ. ಹಿಂದೆ ಏನೂ ಸದ್ದಾಗಲಿಲ್ಲ. ಬೂದಿ ಕೆದರಿದಳು. ಇನ್ನೂ ಸದ್ದಾಗಲಿಲ್ಲ. ತನ್ನ ಕತ್ತು ಈಗ ಅವನ ಕಣ್ಣಿಗೆ ಹೇಗೆ ಕಾಣುತ್ತಿರಬಹುದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಬೆವರಿನ ಒಂದು ಗೆರೆ ಇದ್ದೀತು. ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಹೆದರಿಕೆಯೇ ಎಂದು ತನ್ನೊಳಗೆ ತಡವಿದಳು. ಹೆದರಿಕೆ ಇತ್ತು, ಆದರೆ ಅದರ ಕೆಳಗೆ, ಹೊಡೆದರೆ ಹೊಡೆಯಲಿ, ಹೊಡೆದು ಮುಗಿಸಲಿ, ನಾಳೆ ನನ್ನ ಕೈ ಮತ್ತೆ ಕೋಲು ಹಿಡಿಯುವುದಕ್ಕಿಂತ ಅದೇ ಆಗಲಿ ಎಂಬ ದಣಿವೂ ಇತ್ತು. ಆಗ ಫಟ್ಟೆಂದಿತು. ಏನೋ ಬಂದು ಕುತ್ತಿಗೆಗೆ ಬಡಿಯಿತು, ಅವಳ ಎರಡೂ ಕೈ ಬೂದಿಯ ಸಮೇತ ತಲೆಯ ಮೇಲೆ ಹೋದವು, ಮೊಣಕಾಲು ಎದೆಗೆ ಬಂದವು.

ಕಟ್ಟಿಗೆಯ ಚೂರು. ಅದು ಮಡಿಲಿಗೆ ಉರುಳಿ ಬಿತ್ತು. ಅವಳು ಕೈ ಇಳಿಸುವುದಕ್ಕೆ ಸ್ವಲ್ಪ ಹೊತ್ತಾಯಿತು.

"ಚೂರು ಸಿಡಿತಾವ," ಅಂದ ಹೊಳಿಯಪ್ಪ ಹಿಂದಿನಿಂದ. ಅವನ ದನಿಯಲ್ಲಿ ನಗು ಇರಲಿಲ್ಲ. "ಅತ್ಲಾಗ ಸರದು ಕೂಡು."

ಅವಳು ಸರಿದಳು. ಗೋಡೆಗೆ ಬೆನ್ನು ಕೊಟ್ಟು, ಅವನಿಗೆ ಮುಖ ಮಾಡಿ ಕೂತಳು. ಅವನು ತುಂಡನ್ನು ಕೊರಡಿನ ಮೇಲೆ ನಿಲ್ಲಿಸುವುದು, ಎಡಗೈಯನ್ನು ಸರಿಯಾದ ಗಳಿಗೆಗೆ ಹಿಂದೆ ತೆಗೆಯುವುದು, ಕೊಯ್ತಾ ಇಳಿಯುವುದು, ಎಲ್ಲವನ್ನೂ ರೆಪ್ಪೆ ಮಿಟುಕಿಸದೆ ನೋಡಿದಳು. ಅವನಿಗೂ ಹೊಸದು, ಎರಡು ಸಲ ತಪ್ಪಿತು, ಮೂರನೆಯ ಸಲ ತುಂಡು ಎರಡಾಯಿತು. ಪ್ರತಿ ಏಟಿಗೂ ಅವನ ಹುಬ್ಬಿನ ಅರಿಶಿಣದ ಕೆಳಗಿನಿಂದ ರಕ್ತ ಸ್ವಲ್ಪ ಸ್ವಲ್ಪ ಒಸರುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ಪ್ರತಿ ಏಟಿಗೂ ಅವಳ ಮೈ ಸಣ್ಣಗೆ ಜಿಗಿಯುತ್ತಿತ್ತು. ಅದನ್ನು ಅವನು ನೋಡುತ್ತಿದ್ದ. ಕತ್ತಲಾಗುವವರೆಗೆ ಅವನು ಸೀಳುತ್ತಲೇ ಇದ್ದ. ದೀಪ ಹಚ್ಚಿ ಅವಳು ಕೊಯ್ತಾಕ್ಕೆ ಕೈ ಚಾಚಿದಾಗ ಅವನು ಕೊಡಲಿಲ್ಲ. ಅದನ್ನು ತನ್ನ ಪಕ್ಕ, ಕೌದಿಯ ಮೇಲೆ ಮಲಗಿಸಿದ, ಹಿಡಿಕೆ ತನ್ನ ಕಡೆಗೆ ಬರುವಂತೆ.

"ಇದು ನನ್ನ ಬಾಜೂಕ ಇರ್ಲಿ. ನಾಳಿ ಬೇಕಾಗ್ತೈತಿ."

ಕಸಿದುಕೊಳ್ಳಬಹುದಿತ್ತು. ಅವಳಿಗೆ ಕಾಲಿದ್ದವು. ಇದು ಕಟ್ಟಿಗೆಯ ಮಾತೋ ಬೇರೆಯ ಮಾತೋ ಎಂದು ಅವಳು ಅವನ ಮುಖವನ್ನು ಹುಡುಕಿದಳು, ಅವನಿಗೇ ತಿಳಿದಿರಲಿಕ್ಕಿಲ್ಲ. ಇಷ್ಟು ಮಾತ್ರ ತಿಳಿಯಿತು: ಇನ್ನು ಮೇಲೆ ಈ ಹೊರಸಿನ ಹತ್ತಿರ ಕೋಲು ಹಿಡಿದು ಬರುವ ಮುಂಚೆ ಅವಳು ನಿಂತು ಯೋಚಿಸಬೇಕಾಗುತ್ತದೆ. ಯಾರಾದರೂ ಹಾಗೆ ನಿಲ್ಲಿಸಲಿ ಎಂದು ತಾನು ಎಷ್ಟು ದಿನದಿಂದ ಕಾಯುತ್ತಿದ್ದೆ ಎಂಬುದು ಆಗ ತಿಳಿದು, ಅವಳಿಗೆ ನಾಚಿಕೆಯಾಯಿತು.

"ಇರ್ಲಿ," ಅಂದಳು.

ಬೆಳಿಗ್ಗೆ ಅವಳು ಸೀಳು ಕಟ್ಟಿಗೆ ಕಟ್ಟಲು ಹೊರಸಿನ ಬದಿ ನೆಲದ ಮೇಲೆ ಕೂತಳು. ಬಗ್ಗಿದಾಗ ತಲೆ ಅವನ ಮೊಣಕೈಗಿಂತ ಕೆಳಗೆ ಬಂತು. ಮೇಲೆ ಅವನು ಇನ್ನೊಂದು ತುಂಡನ್ನು ಕೊರಡಿಗೆ ನಿಲ್ಲಿಸಿದ ಸದ್ದು ಬಲಗಿವಿಗೆ ಕೇಳಿಸಿತು, ಕೊಯ್ತಾ ಏಳುವಾಗ ಅವನು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಅವಳು ಹಗ್ಗದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ತಲೆ ಎತ್ತದೆ, ಗಂಟು ಬಿಗಿಯುತ್ತಿದ್ದಳು.